ಕಾಲದ ಅರಿವು, ಅವಧಾನ ಮತ್ತು ಲಿಂಗಭೇದ: ಒಂದು ಪಾರಿಭಾಷಿಕ ವಿವೇಚನೆ

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯನ್ನು ಶಾಸನವು ಶಕವರ್ಷ 1039ಕ್ಕೆ, ಅಂದರೆ ಕ್ರಿ.ಶ. 1117ಕ್ಕೆ ನಿರ್ದೇಶಿಸುತ್ತದೆ. ಅರಸೀಕೆರೆ, ಹಳೇಬೀಡು ಪರಿಸರದ ಹೊಯ್ಸಳ ಶಾಸನಗಳಲ್ಲಿಯೂ ಸಂವತ್ಸರ, ಮಾಸ, ತಿಥಿ, ವಾರಗಳ ಮೂಲಕವೇ ಕಾಲ ಸೂಚಿತವಾಗುತ್ತದೆ. ಇದು ಕಾಲಗಣನೆ. ಹಗಲಿರುಳುಗಳ ಆವರ್ತನೆಗೆ ದೇಹ ಹೊಂದಿಕೊಳ್ಳುವ ದಿನಲಯ ಇದಕ್ಕಿಂತ ಭಿನ್ನ. ಕೆಲವು ಸೆಕೆಂಡು, ನಿಮಿಷಗಳ ಅಂತರವನ್ನು ಜೀವಿಯು ಅಳೆಯುವ ಅವಧಿಗ್ರಹಿಕೆ ಇವೆರಡಕ್ಕಿಂತಲೂ ಭಿನ್ನ. ಮೂರನ್ನೂ 'ಕಾಲಪ್ರಜ್ಞೆ' ಎಂಬ ಒಂದೇ ಪದದಿಂದ ಕರೆದರೆ ಎದುರಾಗುವ ತೊಡಕನ್ನು ಇಲಿಗಳ ಮೇಲಿನ ಪ್ರಯೋಗಗಳು ಸ್ಪಷ್ಟಪಡಿಸುತ್ತವೆ.

ದಕ್ಷಿಣ ಭಾರತದ ಹೊಲಗಳಲ್ಲಿ ವಾಸಿಸುವ ಚಿಟ್ಟಿಲಿಯನ್ನು ಕುರಿತು ಎನ್. ವಿಶ್ವನಾಥನ್ ಮತ್ತು ಎಂ. ಕೆ. ಚಂದ್ರಶೇಖರನ್ 1985ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಬೆಳಕು-ಕತ್ತಲೆಗಳ ಸೂಚನೆಯಿಲ್ಲದೆಯೂ, ತಾಯಿ ಗೂಡಿನಲ್ಲಿರುವ ಮತ್ತು ಇಲ್ಲದಿರುವ ವೇಳೆಗಳ ಕ್ರಮಕ್ಕೆ ಮರಿಗಳ ದಿನಲಯ ಹೊಂದಿಕೊಳ್ಳುತ್ತದೆ ಎಂಬುದು ಅದರ ನಿರ್ಣಯ. ಚಂದ್ರಶೇಖರನ್ ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ಅಧ್ಯಯನಶಾಖೆಯನ್ನು ಬೆಳೆಸಿದರು. ಇಲ್ಲಿ ಗೋಚರಿಸುವುದು ತಾಯ್ತನದ ಪಾತ್ರವೇ ಹೊರತು ಗಂಡುಹೆಣ್ಣುಗಳ ಗ್ರಹಿಕೆಯ ಹೋಲಿಕೆಯಲ್ಲ.

ಅವಧಿಗ್ರಹಿಕೆಯ ಪರೀಕ್ಷೆ ಬೇರೆಯದು. ಬೆಳಕೋ ಶಬ್ದವೋ ಆರಂಭವಾಗಿ ನಿಗದಿತ ಸೆಕೆಂಡುಗಳು ಕಳೆದ ಬಳಿಕ ಸನ್ನೆಯನ್ನು ಒತ್ತಿದರೆ ಆಹಾರ ದೊರೆಯುವುದೆಂದು ಇಲಿ ಕಲಿಯುತ್ತದೆ. ಅನಂತರ ಕೆಲವು ಸರದಿಗಳಲ್ಲಿ ಆಹಾರ ಕೊಡುವುದಿಲ್ಲ. ಆಗಲೂ ಒತ್ತುವಿಕೆ ಆ ಕ್ಷಣದ ಸುಮಾರಿಗೆ ಶಿಖರ ಮುಟ್ಟಿ ಇಳಿಯುತ್ತದೆ. ಶಿಖರದ ಸ್ಥಾನ ಎಣಿಕೆಯ ನಿಖರತೆಯನ್ನೂ, ಅದರ ಹರವು ಎಣಿಕೆಯ ಸ್ಥಿರತೆಯನ್ನೂ ತಿಳಿಸುತ್ತವೆ. ನಡುವೆ ಸೂಚನೆಯನ್ನು ಕಡಿದಾಗ ಅಥವಾ ಗಮನ ಸೆಳೆಯುವ ಇನ್ನೊಂದನ್ನು ಒಡ್ಡಿದಾಗ ಎಣಿಕೆ ತಡವಾದರೆ ಅದು ಅವಧಾನದ ಪ್ರಶ್ನೆ. ಅಷ್ಟಾವಧಾನಿಯು ಪದ್ಯ ರಚಿಸುತ್ತಲೇ ಘಂಟೆಯ ನಾದಗಳನ್ನು ಎಣಿಸಬೇಕಾಗುವ ಇಕ್ಕಟ್ಟು ಇದಕ್ಕೆ ಸಮೀಪದ ನಿದರ್ಶನ. ಹಸಿವು, ಆತುರಗಳೂ ಫಲಿತಾಂಶವನ್ನು ಬದಲಿಸಬಲ್ಲವು.

ಆದ್ದರಿಂದ ಗಂಡಿಗೂ ಹೆಣ್ಣಿಗೂ ವ್ಯತ್ಯಾಸ ಕಂಡರೆ, ಅದು ಎಣಿಕೆಯದೋ ಅವಧಾನದ್ದೋ ಪ್ರೇರಣೆಯದೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಈ ಎಚ್ಚರಕ್ಕೆ ಚಾರಿತ್ರಿಕ ಕಾರಣವೂ ಇದೆ. ಹೆಣ್ಣಿಲಿಯ ನಾಲ್ಕೈದು ದಿನಗಳ ಋತುಚಕ್ರ ಫಲಿತಾಂಶವನ್ನು ಅಸ್ಥಿರಗೊಳಿಸುತ್ತದೆಂದು ಭಾವಿಸಿ ಪ್ರಯೋಗಾಲಯಗಳು ಬಹುಕಾಲ ಗಂಡುಗಳನ್ನೇ ಹೆಚ್ಚಾಗಿ ಬಳಸಿದವು. 2014ರಲ್ಲಿ ಪ್ರೆಂಡರ್‌ಗಾಸ್ಟ್ ಮತ್ತು ಸಹಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಹೆಣ್ಣಿಲಿಗಳು ಗಂಡುಗಳಿಗಿಂತ ಹೆಚ್ಚು ಅಸ್ಥಿರವಲ್ಲವೆಂದು ತೋರಿಸಿದರು. ಪೂರ್ವಗ್ರಹವೇ ವಿಧಾನದ ವೇಷ ತೊಟ್ಟಿತ್ತು.

ಇಂತಹ ಫಲಿತಾಂಶವನ್ನು 'ಹೆಣ್ಣಿಗೆ ಕಾಲಪ್ರಜ್ಞೆ ಕಡಿಮೆ' ಎಂದು ಅನುವಾದಿಸಿದರೆ ಲೋಕರೂಢಿಯ ಪೂರ್ವಗ್ರಹವೊಂದು ವಿಜ್ಞಾನದ ಮುದ್ರೆ ಪಡೆಯುತ್ತದೆ. ಇಲಿಯ ಮಾತು ಸದ್ದಿಲ್ಲದೆ ಮನುಷ್ಯರ ಮಾತಾಗುತ್ತದೆ. ಕಾಲಗಣನೆ, ದಿನಲಯ, ಅವಧಿಗ್ರಹಿಕೆ, ಅವಧಾನ ಎಂಬ ಪದಗಳನ್ನು ಪ್ರತ್ಯೇಕವಾಗಿ ಬಳಸುವುದು ಕೇವಲ ಪರಿಭಾಷೆಯ ಶಿಸ್ತಲ್ಲ, ಅರ್ಥದ ಪ್ರಾಮಾಣಿಕತೆಯೂ ಹೌದು.