1779ರ ದುರ್ಗದ ಪತನವನ್ನು ಯಾರು ಹೇಗೆ ಬರೆದರು?

ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿ ನಾಯಕ 1779ರಲ್ಲಿ ಹೈದರ್ ಅಲಿಗೆ ಸೋತು ಶ್ರೀರಂಗಪಟ್ಟಣದಲ್ಲಿ ಸೆರೆಯಾದ. ಪರ್ಷಿಯನ್ ಚರಿತ್ರೆಕಾರ ಕಿರ್ಮಾನಿಗೆ ಇದು ಹೈದರನ ವಿಜಯಗಳಲ್ಲಿ ಒಂದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬೇರೆಯದನ್ನೇ ಎತ್ತಿ ಹೇಳುತ್ತಾನೆ: ದೇವಿಯನ್ನು ಪೂಜಿಸಿ ಕೋಟೆಯಿಂದ ನುಗ್ಗುತ್ತಿದ್ದ ಬೇಡರು, ಗುಡಿಯ ಮುಂದೆ ಒಪ್ಪಿಸುತ್ತಿದ್ದ ಶತ್ರುಗಳ ತಲೆಗಳು, ಕೊನೆಗೆ ನಾಯಕನ ಕೈಕೆಳಗಿನ ಮುಸ್ಲಿಂ ಅಧಿಕಾರಿಗಳ ದ್ರೋಹ. ವಿಲ್ಕ್ಸ್ ಹೈದರನ ವೈರಿಗಳ ಕಡೆಯವನೆಂಬುದನ್ನು ಓದುವಾಗ ಮರೆಯಬಾರದು. ದುರ್ಗದ ಜನರ ನೆನಪಿನಲ್ಲಿ ಮಾತ್ರ ಕೋಟೆಯ ಕಿಂಡಿಯ ಬಳಿ ಒನಕೆ ಹಿಡಿದು ಹೈದರನ ಸೈನಿಕರನ್ನು ತಡೆದು ನಿಂತ ಓಬವ್ವನಿಗೇ ಮೊದಲ ಸ್ಥಾನ. ತ.ರಾ.ಸು. ಅವರ ಕಾದಂಬರಿ ‘ದುರ್ಗಾಸ್ತಮಾನ’ ಮದಕರಿಯನ್ನು ದುರಂತನಾಯಕನನ್ನಾಗಿಸಿ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆದರೆ ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟ ಸುಮಾರು 20,000 ಬೇಡರ ಬದುಕಿಗೆ ಇನ್ನೂ ತಕ್ಕಷ್ಟು ಪುಟಗಳು ಸಿಕ್ಕಿಲ್ಲ.