ಟೇಪು ಹಿಡಿಯದೆ ಅಳೆದ ದೂರ

ಚಾಮರಾಜನಗರದಿಂದ ಊಟಿಗೆ ಹೊರಟರೆ ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಬೇಕು. ಹೋದ ಸಲ ಮೊಮ್ಮಗಳಿಗೆ ಬೋಟಿಂಗ್ ತಪ್ಪಿಸಿ, ಮುತ್ತೊರೈ ಇಳಿಜಾರಿನ ರೇಡಿಯೊ ದೂರದರ್ಶಕ ತೋರಿಸಿದೆ. 530 ಮೀಟರ್ ಉದ್ದ, 30 ಮೀಟರ್ ಅಗಲ. ಗೋವಿಂದ ಸ್ವರೂಪ್ ಮತ್ತು ಸಂಗಡಿಗರು 1970ರಲ್ಲಿ ಕಟ್ಟಿ ಮುಗಿಸಿದ್ದು. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಇಳಿಜಾರಿರುವ ಬೆಟ್ಟವನ್ನು ಹುಡುಕಿ ಕಟ್ಟಿದ್ದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ. ಎಂಥ ಜಾಣತನ ನೋಡಿ!

“ಕ್ವೇಸಾರ್‌ಗಳ ದೂರ ಅಳೆಯೋ ಯಂತ್ರ ಇದು” ಎಂದೆ.

“ಟೇಪಿನ ಆ ತುದಿ ಹಿಡಿಯೋರು ಯಾರು ತಾತ?”

ಮೇಷ್ಟ್ರಾಗಿದ್ದಷ್ಟು ಕಾಲವೂ ತರಗತಿಯಲ್ಲಿ ಇದನ್ನೇ ಹೇಳಿದ್ದವನಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದರೆ, ನಾನು ಹೇಳುತ್ತಿದ್ದುದೇ ತಪ್ಪು.

ಮಕ್ಕಳೇ, ರೇಡಿಯೊ ದೂರದರ್ಶಕ ಹೇಳುವುದು ‘ಎಲ್ಲಿ’ ಎಂಬುದನ್ನು. ರೇಡಿಯೊ ಅಲೆ ಸೂಸುವ ಕಾಯಕ್ಕೆ ಚಂದ್ರ ಅಡ್ಡ ಬಂದಾಗ ಅಲೆ ತಟ್ಟನೆ ನಿಲ್ಲುತ್ತದೆ. ಆ ಕ್ಷಣದಲ್ಲಿ ಚಂದ್ರನ ಅಂಚು ಎಲ್ಲಿತ್ತೆಂದು ಗೊತ್ತಿರುವುದರಿಂದ ಕಾಯದ ಜಾಗವೂ ಸಿಗುತ್ತದೆ. ಊಟಿಯಲ್ಲಿ ಹೀಗೆ ನೂರಾರು ಕಾಯಗಳನ್ನು ಗಮನಿಸಿದರು. ಅದಕ್ಕೂ ಮೊದಲು, 1962ರಲ್ಲಿ, ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ‘3ಸಿ 273’ರ ಜಾಗವನ್ನು ಹಿಡಿದದ್ದೂ ಇದೇ ಉಪಾಯದಿಂದ.

‘ಎಷ್ಟು ದೂರ’ ಎಂದು ಹೇಳುವುದು ಬೆಳಕು. 1963ರಲ್ಲಿ ಮಾರ್ಟಿನ್ ಶ್ಮಿಟ್ ಅಮೆರಿಕದ ಪಾಲೊಮಾರ್ ದೂರದರ್ಶಕದಲ್ಲಿ ತೆಗೆದ ಅದರ ವರ್ಣಪಟಲವನ್ನು ಮುಂದಿಟ್ಟುಕೊಂಡು ಕುಳಿತರು. ಗೆರೆಗಳು ಯಾವ ಮೂಲವಸ್ತುವಿಗೂ ಹೊಂದುತ್ತಿರಲಿಲ್ಲ. ಕೊನೆಗೆ ಹೊಳೆಯಿತು: ಅವು ನಮ್ಮ ಜಲಜನಕದ ಗೆರೆಗಳೇ, ಆದರೆ ಕೆಂಪಿನ ಕಡೆಗೆ ಸರಿದಿವೆ! 486 ನ್ಯಾನೋಮೀಟರಿನಲ್ಲಿರಬೇಕಾದ ನೀಲಿ-ಹಸಿರು ಗೆರೆ 563ರ ಬಳಿ ಇತ್ತು.

ಈಗ ಲೆಕ್ಕ ಮಾಡಿ. 563ರಿಂದ 486 ಕಳೆದರೆ 77. ಅದನ್ನು 486ರಿಂದ ಭಾಗಿಸಿದರೆ 0.158. ಇದೇ ಕೆಂಪು ಸರಿತ. ವಿಶ್ವ ಹಿಗ್ಗುತ್ತಿರುವುದರಿಂದ ದಾರಿಯಲ್ಲಿ ಬೆಳಕಿನ ಅಲೆಯೂ ಹಿಗ್ಗುತ್ತದೆ; ದೂರ ಹೆಚ್ಚಿದಷ್ಟೂ ಸರಿತ ಹೆಚ್ಚು. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದನ್ನು ಸೇರಿಸಿ ಲೆಕ್ಕ ಹಾಕಿದರೆ, ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷವಾಗಿದೆ. ರೇಡಿಯೊ ಗೆಲಾಕ್ಸಿಗಳಿಗೂ ಇದೇ ಅಳತೆಗೋಲು.

“ಹಾಗಾದ್ರೆ ಟೇಪಿನ ಆ ತುದಿ ಹಿಡಿದಿರೋದು ಜಲಜನಕ” ಎಂದಳು ಮೊಮ್ಮಗಳು. ನನಗೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಹೋಗಿ ತಪ್ಪೊಪ್ಪಿಕೊಂಡೆ. ಟೀ ತರಿಸಿ ನಕ್ಕ: “ಅದನ್ನೇ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದೆ, ಸಾರ್. ವಾಪಸ್ ಕೊಡಲ್ಲ!”