ಉಚಿತವಾಗಿ ಕೊಟ್ಟ ಬರಹ ಅನಾಥವಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಯೇ ಆದರೂ ಇಲ್ಲಿನ ಶಾಲೆಗಳ ಆಡಳಿತ ಬೇರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಮೇಷ್ಟ್ರುಗಳ ಮೊಬೈಲುಗಳಲ್ಲಿ ಪಿಡಿಎಫ್‌ಗಳ ಸುಗ್ಗಿ ಶುರುವಾಗುತ್ತದೆ. ಪ್ರಶ್ನಕೋಠಿ, ವ್ಯಾಕರಣದ ಪಟ್ಟಿ, ವಿಜ್ಞಾನದ ಚಿತ್ರಗಳು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆಂದೇ ಸಿದ್ಧಪಡಿಸಿದ ಸರಳ ನೋಟ್ಸ್. ಹೀಗೆ ಬರೆಯುವವರಲ್ಲಿ ಹಲವರು ಕಥೆ, ಕವಿತೆ, ತಮ್ಮೂರಿನ ಇತಿಹಾಸ ಬರೆಯುವವರೂ ಹೌದು. ಅವರಿಗೆ ಪ್ರಕಾಶಕರಿಲ್ಲ, ರಾಯಧನವಿಲ್ಲ. ರಾತ್ರಿ ಕೂತು ತಾವೇ ಟೈಪ್ ಮಾಡಿ, ತಾವೇ ಪುಟ ಕಟ್ಟಿ, ಕೇಳಿದವರಿಗೆಲ್ಲ ಕಳಿಸುತ್ತಾರೆ. ಈ ಉದಾರತನದ ಸುತ್ತ ಬೆಳೆದಿರುವ ತಪ್ಪು ತಿಳುವಳಿಕೆಗಳಿಂದ ಕೊಡುವವರಿಗೂ ನಷ್ಟ, ಪಡೆಯುವವರಿಗೂ ನಷ್ಟ.

ನಂಬಿಕೆ: ಪುಕ್ಕಟೆ ಹಂಚಿದ ಮೇಲೆ ಅದು ಯಾರದ್ದೂ ಅಲ್ಲ

ಅತಿ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದೇ. ನಡೆಯುವುದು ಹೀಗೆ: ಹೋಬಳಿಯ ಪ್ರೌಢಶಾಲೆಯೊಂದರ ಶಿಕ್ಷಕಿ ಬರೆದ ನೋಟ್ಸ್ ಗುಂಪಿನಿಂದ ಗುಂಪಿಗೆ ಹೋಗುತ್ತದೆ. ಪ್ರತಿ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅವರ ಹೆಸರು, ಊರು ಇರುತ್ತದೆ. ಮುಂದಿನ ವರ್ಷ ಅದೇ ನೋಟ್ಸ್ ಅವರ ಮೊಬೈಲಿಗೇ ವಾಪಸು ಬರುತ್ತದೆ. ಆ ಹೊತ್ತಿಗೆ ಮೊದಲ ಪುಟ ಮಾಯವಾಗಿದೆ, ಅಡಿಯ ಸಾಲನ್ನು ಕತ್ತರಿಸಲಾಗಿದೆ, ಪುಟದ ಉದ್ದಕ್ಕೂ ಯಾವುದೋ ಟ್ಯುಟೋರಿಯಲ್ಲಿನ ಹೆಸರು ಬೂದು ಬಣ್ಣದಲ್ಲಿ ಅಡ್ಡ ಮಲಗಿದೆ. ಮೂಲದಲ್ಲಿದ್ದ ಕಾಗುಣಿತದ ತಪ್ಪು ಮಾತ್ರ ಇದ್ದಲ್ಲೇ ಇದೆ. ಇದು ತಪ್ಪಲ್ಲವೇ ಎಂದು ಕೇಳಿದರೆ ‘ಫ್ರೀಯಾಗಿ ಬಂದಿತ್ತಲ್ಲ’ ಎಂಬ ಉತ್ತರ ಸಿಗುತ್ತದೆ.

ಕಾನೂನು ಹೇಳುವುದು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರಹ ಕಾಗದದ ಮೇಲೋ ಪರದೆಯ ಮೇಲೋ ಮೂಡಿದ ಕ್ಷಣದಿಂದಲೇ ಹಕ್ಕು ಬರೆದವರದ್ದು. ನೋಂದಣಿ ಕಡ್ಡಾಯವಲ್ಲ. ವೃತ್ತದೊಳಗಿನ ‘ಸಿ’ ಗುರುತು ಹಾಕಬೇಕೆಂದೂ ಇಲ್ಲ. ಬರಹಕ್ಕೆ ಬೆಲೆ ಇಟ್ಟಿದ್ದೀರೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಅದರ ಮೇಲೆ 57ನೇ ಸೆಕ್ಷನ್ ಇದೆ: ಲೇಖಕ ತನ್ನ ಆರ್ಥಿಕ ಹಕ್ಕುಗಳನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದಾಗುವಂತೆ ಬರಹವನ್ನು ತಿರುಚಿದರೆ ತಡೆಯುವ ಹಕ್ಕು ಅವನಲ್ಲೇ ಉಳಿಯುತ್ತವೆ. ಹೆಸರು ಕತ್ತರಿಸಿ ಹಾಕುವುದು ಸಣ್ಣ ಕುಚೇಷ್ಟೆಯಲ್ಲ, ಆ ಹಕ್ಕಿಗೇ ಬೀಳುವ ಪೆಟ್ಟು.

ಹಕ್ಕನ್ನು ನಿಜಕ್ಕೂ ಬಿಟ್ಟುಕೊಡಬೇಕೆನ್ನುವವರಿಗೆ ಅದೇ ಕಾಯ್ದೆಯ 21ನೇ ಸೆಕ್ಷನ್ ದಾರಿ ತೋರಿಸುತ್ತದೆ. ಕೃತಿಸ್ವಾಮ್ಯ ರಿಜಿಸ್ಟ್ರಾರರಿಗೆ ಬರೆದು ತಿಳಿಸಬೇಕು, ಇಲ್ಲವೇ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಸುಮ್ಮನಿದ್ದ ಮಾತ್ರಕ್ಕೆ ಹಕ್ಕು ಬಿಟ್ಟಂತಾಗದು. ಸರ್ಕಾರಿ ಶಿಕ್ಷಕರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಇಲಾಖೆ ವಹಿಸಿದ ಕೆಲಸವಾಗಿ ಬರೆದದ್ದರ ಮೊದಲ ಹಕ್ಕು ಸರ್ಕಾರದ್ದು. ಸ್ವಂತ ಹೊತ್ತಿನಲ್ಲಿ, ಸ್ವಂತ ಇಚ್ಛೆಯಿಂದ ಬರೆದ ಕಥೆ, ಕವಿತೆಗೆ ಈ ಮಾತು ಅನ್ವಯಿಸದು.

ನಂಬಿಕೆ: ಒಂದೋ ಎಲ್ಲ ಹಕ್ಕು ಕಾದಿರಿಸಬೇಕು, ಇಲ್ಲವೇ ಎಲ್ಲ ಬಿಡಬೇಕು

ಇವೆರಡರ ನಡುವೆ ಇಪ್ಪತ್ತು ವರ್ಷಕ್ಕೂ ಹಿಂದೆಯೇ ದಾರಿಯಾಗಿದೆ. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ 2002ರಲ್ಲಿ ತನ್ನ ಮೊದಲ ಪರವಾನಗಿಗಳನ್ನು ಹೊರತಂದಿತು. ಹಕ್ಕು ಲೇಖಕರಲ್ಲೇ ಇರುತ್ತದೆ, ಆದರೆ ಓದುಗರು ಏನೇನು ಮಾಡಬಹುದು ಎಂಬುದನ್ನು ಅವರು ಮೊದಲೇ ಬರೆದು ತಿಳಿಸಿರುತ್ತಾರೆ. ‘ಸಿಸಿ ಬೈ’ ಎಂದರೆ ಹೆಸರು ಹೇಳಿ ಏನು ಬೇಕಾದರೂ ಮಾಡಿ. ‘ಸಿಸಿ ಬೈ-ಎಸ್‌ಎ’ ಎಂದರೆ ಹೆಸರು ಹೇಳಿ, ತಿದ್ದಿ ಬೆಳೆಸಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ. ‘ಎನ್‌ಸಿ’ ಸೇರಿದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎನ್‌ಡಿ’ ಸೇರಿದರೆ ತಿದ್ದಿದ ರೂಪವನ್ನು ಹಂಚುವಂತಿಲ್ಲ.

ಕನ್ನಡದಲ್ಲಿ ಇದು ಹೊಸತೇನಲ್ಲ. ‘ಚಿರಸ್ಮರಣೆ’ಯ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಇಂಥ ಮುಕ್ತ ಪರವಾನಗಿಗೆ ತಂದರು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟದ್ದೂ ಅದೇ ವರ್ಷ. ಕರ್ನಾಟಕದ ಶಿಕ್ಷಕರೇ ಸೇರಿ ಬರೆಯುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಇದೇ ತತ್ವದ ಮೇಲೆ ನಿಂತಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ‘ಸಿಸಿ ಬೈ’ ಪರವಾನಗಿಯಲ್ಲಿ ಸಿಗುತ್ತವೆ, ಕನ್ನಡದಲ್ಲೂ ಸಿಗುತ್ತವೆ.

ಪಾವಗಡದವರಿಗೆ ಇದರಿಂದಾಗುವ ಲಾಭ ದೊಡ್ಡದು. ತಾಲ್ಲೂಕಿನ ಬಹುಭಾಗವನ್ನು ಆಂಧ್ರ ಸುತ್ತುವರಿದಿದೆ. ವೈ.ಎನ್. ಹೊಸಕೋಟೆ, ನಾಗಲಮಡಿಕೆ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಸಾಧಾರಣ ಪುಸ್ತಕವನ್ನು ತೆಲುಗಿಗೆ ಅನುವಾದಿಸಿ ಹಂಚಬೇಕಾದರೆ ಲೇಖಕರ ಒಪ್ಪಿಗೆ ಬೇಕು, ಏಕೆಂದರೆ ಅನುವಾದದ ಹಕ್ಕೂ ಅವರದ್ದೇ. ‘ಸಿಸಿ ಬೈ’ ಕಥೆಯಾದರೆ ಶಿಕ್ಷಕರೇ ಎಡಗಡೆ ಕನ್ನಡ, ಬಲಗಡೆ ತೆಲುಗು ಇಟ್ಟು ಪುಸ್ತಕ ಕಟ್ಟಿ ಮಕ್ಕಳ ಕೈಗೆ ಕೊಡಬಹುದು. ಯಾರಿಗೂ ಪತ್ರ ಬರೆದು ಕಾಯಬೇಕಿಲ್ಲ. ಮನೆಮಾತಿನ ಆಸರೆ ಸಿಕ್ಕಿದ ಮಗು ಕನ್ನಡವನ್ನು ಹೆದರದೆ ಓದುತ್ತದೆ.

ಆದರೆ ಎರಡು ಸಂಗತಿಗಳನ್ನು ತಿಳಿದೇ ಮುಂದುವರಿಯಬೇಕು. ಈ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಹಾಗೆಯೇ ‘ಎನ್‌ಸಿ’ ಸೇರಿಸಿದ ಬರಹವನ್ನು ವಿಕಿಪೀಡಿಯ, ವಿಕಿಸೋರ್ಸ್ ಒಪ್ಪುವುದಿಲ್ಲ. ಟ್ಯುಟೋರಿಯಲ್ಲಿನವರು ದುಡ್ಡು ಮಾಡಿಕೊಳ್ಳುತ್ತಾರೆಂಬ ಸಿಟ್ಟಿನಲ್ಲಿ ಎಲ್ಲದಕ್ಕೂ ‘ಎನ್‌ಸಿ’ ಹಚ್ಚುವವರಿದ್ದಾರೆ. ಅವರ ಸಿಟ್ಟು ನ್ಯಾಯವೇ. ಆದರೂ ಪಾಠದ ಸಾಮಗ್ರಿಗೆ ‘ಬೈ-ಎಸ್‌ಎ’ ಮೇಲೆಂದು ನನ್ನ ಅಭಿಪ್ರಾಯ. ಮಾರಿದವರೂ ನಿಮ್ಮ ಹೆಸರು ಹಾಕಲೇಬೇಕಾಗುತ್ತದೆ, ತಿದ್ದಿ ಬೆಳೆಸಿದ್ದನ್ನು ಅದೇ ಷರತ್ತಿನಲ್ಲಿ ಬಿಡಲೇಬೇಕಾಗುತ್ತದೆ.

ನಂಬಿಕೆ: ಬೆಲೆಯಿಲ್ಲದ ಬರಹ ಕಳಪೆ, ಹಂಚಿದರೆ ಅಚ್ಚಿನ ಪ್ರತಿ ಮಾರಾಟವಾಗದು

ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಸಿ ದಾನ ಮಾಡಿದಳು. ರನ್ನ ಅವಳನ್ನು ದಾನಚಿಂತಾಮಣಿ ಎಂದು ಹೊಗಳಿದ್ದಾನೆ. ಪುಕ್ಕಟೆ ಸಿಕ್ಕಿತೆಂದು ಆ ಕಾವ್ಯದ ತೂಕ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ನಮ್ಮಲ್ಲಿ ಶಾಸ್ತ್ರದಾನಕ್ಕಿದ್ದ ಗೌರವ ಅಂಥದ್ದು.

ಮಾರಾಟದ ಮಾತಿಗೆ ಪ್ರಥಮ್ ಬುಕ್ಸ್ ಸಾಕು. ಪರದೆಯ ಮೇಲೆ ಉಚಿತವಾಗಿ ಓದಲು ಸಿಗುವ ಕಥೆಗಳನ್ನೇ ಅವರು ಅಚ್ಚು ಹಾಕಿಸಿ ಕಡಿಮೆ ಬೆಲೆಗೆ ಮಾರುತ್ತಾರೆ. ಮುಕ್ತ ಪರವಾನಗಿ ಕೊಟ್ಟ ಲೇಖಕರೂ ತಮ್ಮ ಪುಸ್ತಕವನ್ನು ಅಚ್ಚು ಮಾಡಿಸಿ ಮಾರಬಹುದು, ಅದಕ್ಕೆ ಅಡ್ಡಿಯಿಲ್ಲ.

ನಂಬಿಕೆ: ಒಮ್ಮೆ ಪ್ರಕಾಶಕರಿಗೆ ಕೊಟ್ಟ ಪುಸ್ತಕ ಸಾಯುವವರೆಗೂ ಅವರದ್ದೇ

ಎಷ್ಟೋ ಒಳ್ಳೆಯ ಪುಸ್ತಕಗಳು ಮೊದಲ ಮುದ್ರಣ ಮುಗಿದ ಮೇಲೆ ಎಲ್ಲೂ ಸಿಗುವುದಿಲ್ಲ. ಲೇಖಕರು ಮಾತ್ರ ‘ನನ್ನ ಕೈಯಲ್ಲೇನಿದೆ’ ಎಂದು ಕೂತಿರುತ್ತಾರೆ. ಅವರ ಕೈಯಲ್ಲಿ ಬಹಳವೇ ಇರಬಹುದು. 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಬಾಯಿಮಾತಿನಲ್ಲಿ ಕೊಟ್ಟದ್ದು ವರ್ಗಾವಣೆಯೇ ಅಲ್ಲ. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮುಗಿಯುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಅದು ರದ್ದಾಗುತ್ತದೆ. ಹಳೆಯ ಒಪ್ಪಂದಪತ್ರವನ್ನು ಹುಡುಕಿ ಓದಿ. ಹಕ್ಕು ನಿಮಗೆ ವಾಪಸು ಬಂದಿದ್ದರೆ ಆ ಪುಸ್ತಕವನ್ನು ಓದುಗರಿಗೆ ಬಿಟ್ಟುಕೊಡುವ ತೀರ್ಮಾನ ನಿಮ್ಮದೇ.

ನಂಬಿಕೆ: ತೀರಿಹೋದ ಕವಿಗಳ ಬರಹ ಎಲ್ಲರ ಸ್ವತ್ತು

ಲೇಖಕರು ತೀರಿಕೊಂಡ ವರ್ಷ ಮುಗಿದು ಮುಂದಿನ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯಲಿದ್ದಾಗ ಹತ್ತು ವರ್ಷ ಸೇರಿಸಿದರು. ಬಿ.ಎಂ.ಶ್ರೀ., ಕೈಲಾಸಂ 1946ರಲ್ಲಿ ತೀರಿಕೊಂಡವರು, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ಈಗ ಎಲ್ಲರದ್ದು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರ ಅಂಥ ಕೃತಿಗಳು 2024ರ ಜನವರಿ 1ರಿಂದ ಮುಕ್ತ. ಆದರೆ ಡಿವಿಜಿಯವರ ಬರಹಗಳ ಹಕ್ಕು 2035ರ ಕೊನೆವರೆಗೆ ಇದೆ, ಬೇಂದ್ರೆಯವರದ್ದು 2041ರವರೆಗೆ, ಕುವೆಂಪು ಅವರದ್ದು 2054ರವರೆಗೆ. ದಿನಕ್ಕೊಂದು ಕಗ್ಗ ಕಳಿಸುವ ಪ್ರೀತಿ ಒಳ್ಳೆಯದೇ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ‘ಉಚಿತ ಪುಸ್ತಕ’ ಎಂದು ಹಂಚುವುದು ಬೇರೆಯ ಕೆಲಸ, ಅದು ಉದಾರತನವಲ್ಲ. ಕೊಡುವ ಹಕ್ಕು ಇದ್ದವರು ಮಾತ್ರ ಕೊಡಬಲ್ಲರು.

ವಚನ, ಕುಮಾರವ್ಯಾಸ, ದಾಸರ ಪದಗಳಿಗೆ ಹಕ್ಕಿನ ಅಡ್ಡಿಯಿಲ್ಲ. ಆದರೆ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಅರ್ಥ, ಟಿಪ್ಪಣಿ ಅವರದ್ದೇ.

ನಂಬಿಕೆ: ಜನಪದ ಹಾಡನ್ನು ಯಾರು ಬೇಕಾದರೂ ರೆಕಾರ್ಡ್ ಮಾಡಿ ಹಂಚಬಹುದು

ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ. ಅವನ ಕಥೆಯನ್ನು ಉದ್ದನೆಯ ಬಿದಿರಿನ ಗಣೆ ಊದುತ್ತ ಹಾಡುವ ಹಿರಿಯರು ಈ ಭಾಗದಲ್ಲಿದ್ದಾರೆ. ಆ ಕಥೆಗೆ ಒಬ್ಬ ಒಡೆಯನಿಲ್ಲ, ನಿಜ. ಆದರೆ ನಿಮ್ಮ ಮುಂದೆ ಕೂತು ಹಾಡುವವರು ಕಾಯ್ದೆಯ ಕಣ್ಣಿನಲ್ಲಿ ಪ್ರದರ್ಶಕರು. ತಮ್ಮ ಹಾಡಿಕೆಯನ್ನು ರೆಕಾರ್ಡ್ ಮಾಡಲು, ಹಂಚಲು ಒಪ್ಪುವ ಅಥವಾ ಒಪ್ಪದಿರುವ ಹಕ್ಕು ಅವರದ್ದು, ಅದು 50 ವರ್ಷ ಇರುತ್ತದೆ. ‘ಸಂಗ್ರಹ: ನಾನು’ ಎಂದು ದೊಡ್ಡದಾಗಿ ಬರೆದುಕೊಂಡು ಹಾಡಿದವರ ಹೆಸರನ್ನೇ ಬಿಡುವ ಚಾಳಿ ನಮ್ಮಲ್ಲಿ ಹಳೆಯದು, ನಾಚಿಕೆಗೇಡಿನದು. ಅವರಿಗೆ ತಿಳಿಯುವ ಮಾತಿನಲ್ಲಿ ಕೇಳಿ. ಒಪ್ಪಿದರೆ ಮೊದಲ ಸಾಲಿನಲ್ಲಿ ಅವರ ಹೆಸರು, ಹಟ್ಟಿ ಬರಲಿ.

ನಂಬಿಕೆ: ಪಿಡಿಎಫ್ ಮಾಡಿದರೆ ಎಲ್ಲರಿಗೂ ಮುಟ್ಟಿದಂತೆ

‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಚೆಂದವಾಗಿಯೇ ಕಾಣುತ್ತದೆ. ಅದರಿಂದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ ನೋಡಿ. ಕನ್ನಡದ ಬದಲು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಬರುತ್ತವೆ. ಹಳೆಯ ಅಕ್ಷರಗಳು ಇಂಗ್ಲಿಷ್ ಲಿಪಿಯ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು, ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವುದೇ ಇಲ್ಲ. ಆ ಪಿಡಿಎಫ್‌ನಲ್ಲಿ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಅದನ್ನು ಓದಿ ಹೇಳಬೇಕಾದ ತಂತ್ರಾಂಶ ಅರ್ಥವಿಲ್ಲದ ಸದ್ದು ಮಾಡುತ್ತದೆ. ಸ್ಕ್ಯಾನ್ ಮಾಡಿದ ಪುಟವಾದರೆ ಮೌನ.

ಇದಕ್ಕೆ ಪರಿಹಾರ ಯೂನಿಕೋಡ್. ಕನ್ನಡ ಅದರಲ್ಲಿ 1991ರಿಂದಲೇ ಇದೆ, ಹೊಸ ನುಡಿಯಲ್ಲೂ ಅದರ ಸೌಲಭ್ಯವಿದೆ. ನೋಟೋ ಸಾನ್ಸ್ ಕನ್ನಡ, ಗುಬ್ಬಿ, ನವಿಲು ಇವೆಲ್ಲ ದುಡ್ಡಿಲ್ಲದೆ ಸಿಗುವ ಮುಕ್ತ ಫಾಂಟ್‌ಗಳು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಅಂಗವಿಕಲ ಓದುಗರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಹಾಗಿದ್ದೂ ನಮ್ಮ ನೋಟ್ಸ್ ಹಳೆಯ ಅಕ್ಷರಗಳಲ್ಲೇ ಸುತ್ತುತ್ತಿರುವುದು ಸರಿಯಲ್ಲ.

ಮೊಬೈಲ್ ಇಲ್ಲದ ಮನೆಗಳನ್ನೂ ಮರೆಯಬಾರದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮ ಬರಹದ ಎರಡು ಅಚ್ಚು ಪ್ರತಿ ಅಲ್ಲಿರಲಿ.

ಇನ್ನೆರಡು, ಚುಟುಕಾಗಿ

ಐಎಸ್‌ಬಿಎನ್ ಸಂಖ್ಯೆಗೆ ದುಡ್ಡು ಕೊಡಬೇಕು, ಅದಿದ್ದರೆ ಹಕ್ಕು ಸಿಗುತ್ತದೆ ಎನ್ನುವವರಿದ್ದಾರೆ. ಎರಡೂ ತಪ್ಪು. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಶುಲ್ಕವಿಲ್ಲದೆ ಕೊಡುತ್ತದೆ, ಸ್ವಂತ ಪ್ರಕಟಣೆಯ ಲೇಖಕರೂ ಅರ್ಜಿ ಹಾಕಬಹುದು. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ.

ತರಗತಿಗೆಂದು ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿ ಕೊಡುವ ಶಿಕ್ಷಕರು ಕಳ್ಳರಲ್ಲ. ಬೋಧನೆಗಾಗಿ ಪ್ರತಿ ಮಾಡಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ಪುಟಗಳನ್ನು ಸೇರಿಸಿ ಗೈಡ್ ಮಾಡಿ ಮಾರಿದರೆ ಈ ರಕ್ಷಣೆ ಇಲ್ಲ.

ಬರೆದು ಹಂಚುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಬಾರಿ ಕಳಿಸುವ ಮುನ್ನ ಮೊದಲ ಪುಟದಲ್ಲಿ ಮಾತ್ರವಲ್ಲ, ಪ್ರತಿ ಪುಟದ ಪಠ್ಯದ ನಡುವೆ ಎಲ್ಲಾದರೂ ನಿಮ್ಮ ಹೆಸರು, ಊರು, ಇಸವಿ ಬರೆಯಿರಿ. ಅದರ ಜೊತೆಗೆ ‘ಈ ಬರಹ ಸಿಸಿ ಬೈ-ಎಸ್‌ಎ 4.0 ಪರವಾನಗಿಯಲ್ಲಿದೆ, ಹೆಸರು ಉಳಿಸಿ ಹಂಚಿ’ ಎಂಬ ಸಾಲು ಸೇರಿಸಿ. ಪಡೆದವರೇ, ಮುಂದಕ್ಕೆ ಕಳಿಸುವಾಗ ಆ ಸಾಲನ್ನು ಅಳಿಸಬೇಡಿ.